ಉಸಿರೆಳೆಯುವ ಮೊದಲು ಅಳೆಯಬೇಕಾದ ಗಾಳಿ

ಪೈವಳಿಕೆ ಪಂಚಾಯತಿನ ಬಾಯಾರು ಭಾಗದ ಗುಡ್ಡಗಳಲ್ಲಿ ನೀರಿಗಾಗಿ ಮುರಕಲ್ಲನ್ನು ಅಡ್ಡಕ್ಕೆ ಕೊರೆದ ಸುರಂಗಗಳಿವೆ. ಒಬ್ಬರು ನುಸುಳುವಷ್ಟೇ ಅಗಲದ ಆ ದಾರಿಯಲ್ಲಿ ಪಿಕ್ಕಾಸು ಹಿಡಿದವರಿಗೆ ಮೇಣದಬತ್ತಿ ಬೆಳಕೂ ಹೌದು, ಗಾಳಿಯ ಪರೀಕ್ಷೆಯೂ ಹೌದು. ಉರಿ ಮಂಕಾದರೆ, ಬೆಂಕಿಕಡ್ಡಿ ಸರಿಯಾಗಿ ಹತ್ತದಿದ್ದರೆ ಕೆಲಸ ಬಿಟ್ಟು ಹೊರಗೆ ಬರುತ್ತಾರೆ. ಹಳೆಯ ಬಾವಿಗೆ ಇಳಿಯುವ ಮುನ್ನ ಹಗ್ಗ ಕಟ್ಟಿ ದೀಪ ಇಳಿಸುವುದೂ ಇದಕ್ಕಾಗಿಯೇ.

ಈ ಜಾಣ್ಮೆಗೆ ಒಂದು ಮಿತಿಯಿದೆ. ಗಾಳಿಯಲ್ಲಿ ಆಮ್ಲಜನಕ ಶೇ. 20.9ರಷ್ಟಿರುತ್ತದೆ. ಶೇ. 19.5ಕ್ಕಿಂತ ಕಡಿಮೆಯಾದರೆ ಒಳಗೆ ಇಳಿಯಬಾರದು ಎನ್ನುತ್ತವೆ ಸುರಕ್ಷತಾ ನಿಯಮಗಳು. ಮೇಣದಬತ್ತಿ ಆರುವುದು ಶೇ. 16ರ ಆಸುಪಾಸಿನಲ್ಲಿ; ಅಷ್ಟು ಹೊತ್ತಿಗೆ ಮನುಷ್ಯನ ಎದೆಬಡಿತ ಏರಿ, ವಿವೇಚನೆ ಮಸುಕಾಗತೊಡಗಿರುತ್ತದೆ. ಬಾವಿಯೊಳಗೆ ಡೀಸೆಲ್ ಪಂಪು ಓಡಿಸಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ವಿಷಯದಲ್ಲಂತೂ ದೀಪ ಏನನ್ನೂ ಹೇಳದು. ಉರಿ ಚೆನ್ನಾಗಿರುವಾಗಲೇ ಆ ವಿಷ ಪ್ರಾಣ ತೆಗೆಯಬಲ್ಲದು.

ಸ್ಕೂಬಾ ಡೈವಿಂಗಿನಲ್ಲಿ, ಉಸಿರಾಡುವ ಗಾಳಿ ಸುರಕ್ಷಿತವೇ ಎಂಬ ಪ್ರಶ್ನೆ ಇನ್ನೂ ಕಠಿಣವಾಗುತ್ತದೆ. ಮುರುಡೇಶ್ವರದಾಚೆಯ ನೇತ್ರಾಣಿಯಂಥ ಕಡೆ ನೀರಿಗಿಳಿಯುವವರು ಉಸಿರಾಡುವುದು ಸಿಲಿಂಡರಿಗೆ ಒತ್ತಿ ತುಂಬಿದ ಗಾಳಿಯನ್ನು. ನೀರಿನಲ್ಲಿ ಪ್ರತಿ 10 ಮೀಟರಿಗೆ ಒತ್ತಡ ಸುಮಾರು 1 ಬಾರ್ ಏರುತ್ತದೆ. 30 ಮೀಟರ್ ಆಳದಲ್ಲಿ ಒಟ್ಟು 4 ಬಾರ್. ಆಮ್ಲಜನಕವಿರಲಿ, ವಿಷವಿರಲಿ, ಅಲ್ಲಿ ಅದರ ಪಾಲಿನ ಒತ್ತಡ ನಾಲ್ಕು ಪಟ್ಟು. ಹೆಚ್ಚಿನ ಒತ್ತಡದ ಆಮ್ಲಜನಕ ಅಪಸ್ಮಾರದಂಥ ಸೆಳೆತ ತರಿಸುತ್ತದೆಂದು ಫ್ರಾನ್ಸಿನ ವಿಜ್ಞಾನಿ ಪಾಲ್ ಬೆರ್ಟ್ 1878ರಲ್ಲೇ ಬರೆದಿದ್ದ. ನೀರೊಳಗೆ ಸೆಳೆತ ಬಂದರೆ ಬಾಯಲ್ಲಿರುವ ರೆಗ್ಯುಲೇಟರ್ ಕಳಚಿ, ಮುಳುಗಿ ಸಾಯುವ ಅಪಾಯವಿದೆ.

ನೈಟ್ರಾಕ್ಸ್ ಎಂಬ ಮಿಶ್ರಣದಲ್ಲಿ ಆಮ್ಲಜನಕವನ್ನು ಬೇಕೆಂದೇ ಶೇ. 32ಕ್ಕೋ 36ಕ್ಕೋ ಏರಿಸಿರುತ್ತಾರೆ. ನೈಟ್ರೋಜನ್ ಕಡಿಮೆಯಾದಷ್ಟೂ ನೀರಡಿ ಹೆಚ್ಚು ಹೊತ್ತು ಇರಬಹುದು. ಆದರೆ ಆಮ್ಲಜನಕದ ಪಾಲಿನ ಒತ್ತಡ 1.4 ಬಾರ್ ಮೀರಬಾರದೆಂಬ ಲೆಕ್ಕದಲ್ಲಿ ಶೇ. 32ರ ಮಿಶ್ರಣಕ್ಕೆ 33 ಮೀಟರ್, ಶೇ. 36ಕ್ಕೆ 28 ಮೀಟರ್ ಗಡಿ. ಎರಡೂ ಸಿಲಿಂಡರುಗಳು ನೋಡಲು ಒಂದೇ ಥರ. ಒಳಗಿರುವುದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದಕ್ಕೇ ಆಮ್ಲಜನಕ ಅಳೆಯುವ ಅನಲೈಸರ್ ಬೇಕು.

ಅದರ ಜೀವಾಳ ಹೆಬ್ಬೆರಳಿನಷ್ಟು ಎತ್ತರದ ಒಂದು ಸೆನ್ಸರ್. ತೆಳುವಾದ ಪೊರೆ ದಾಟಿ ಬಂದ ಆಮ್ಲಜನಕ ಒಳಗಿನ ಕ್ಷಾರ ದ್ರಾವಣದಲ್ಲಿ ರಾಸಾಯನಿಕ ಕ್ರಿಯೆ ನಡೆಸುತ್ತದೆ. ಸೀಸದ ವಿದ್ಯುದ್ವಾರ ಸವೆಯುತ್ತಾ ವಿದ್ಯುತ್ ಹುಟ್ಟುತ್ತದೆ. ಆಮ್ಲಜನಕ ಹೆಚ್ಚಿದಷ್ಟೂ ವಿದ್ಯುತ್ ಹೆಚ್ಚು. ಬಳಸದೆ ಇಟ್ಟರೂ ಗಾಳಿ ತಾಗಿದರೆ ಸೀಸ ಸವೆಯುತ್ತಲೇ ಇರುತ್ತದೆ. ಹಾಗಾಗಿ ಕೊಳ್ಳುವಾಗ ಮೊದಲು ನೋಡಬೇಕಾದ್ದು ಸೆನ್ಸರ್ ತಯಾರಾದ ತಿಂಗಳು. ಸಾಮಾನ್ಯವಾಗಿ ಎರಡು-ಮೂರು ವರ್ಷ ಅದರ ಆಯುಷ್ಯ. ಬದಲಿ ಸೆನ್ಸರ್ ನಮ್ಮಲ್ಲಿ ಸಿಗುತ್ತದೆಯೇ, ನಾವೇ ಕಳಚಿ ಹಾಕಲು ಬರುತ್ತದೆಯೇ ಎಂದು ಕೇಳಿಕೊಳ್ಳಬೇಕು. ಮುದಿ ಸೆನ್ಸರ್ ಮಾಮೂಲಿ ಗಾಳಿಯಲ್ಲಿ ಸರಿಯಾಗಿಯೇ ತೋರಿಸಿ, ಆಮ್ಲಜನಕ ಹೆಚ್ಚಿರುವಲ್ಲಿ ಇದ್ದದ್ದಕ್ಕಿಂತ ಕಡಿಮೆ ತೋರಿಸಬಹುದು. ಮಿಲಿವೋಲ್ಟ್ ಸಂಖ್ಯೆಯನ್ನೂ ತೋರಿಸುವ ಉಪಕರಣವಾದರೆ ಈ ಮುಪ್ಪನ್ನು ಮೊದಲೇ ಗುರುತಿಸಬಹುದು. ಶುದ್ಧ ಆಮ್ಲಜನಕ ಹಾಯಿಸಿದಾಗ ನೂರರ ಹತ್ತಿರ ಬರದ ಸೆನ್ಸರನ್ನು ತೆಗೆದುಹಾಕಬೇಕು.

ನಮ್ಮ ಕರಾವಳಿಯವರು ಇನ್ನೊಂದು ವಿಷಯ ಗಮನಿಸಬೇಕು. ಉಪಕರಣವನ್ನು ಸುತ್ತಲಿನ ಗಾಳಿಗೆ ಹಿಡಿದು 20.9 ಎಂದು ಹೊಂದಿಸುವುದು ರೂಢಿ. 30 ಡಿಗ್ರಿ ಸೆಕೆಯಲ್ಲಿ, ಶೇ. 80ರ ತೇವದಲ್ಲಿ, ನೀರಾವಿ ಜಾಗ ಹಿಡಿಯುವುದರಿಂದ ಆಮ್ಲಜನಕದ ನಿಜವಾದ ಪಾಲು ಸುಮಾರು 20.2ಕ್ಕೆ ಇಳಿದಿರುತ್ತದೆ. ಸಿಲಿಂಡರಿನದು ಒಣಗಾಳಿ. ಹೀಗೆ ಹೊಂದಿಸಿದ ಉಪಕರಣ ಶೇ. 32ನ್ನು 33 ಎಂದು ಓದುತ್ತದೆ. ಮಾಮೂಲಿ ಗಾಳಿ ತುಂಬಿದ ಸಿಲಿಂಡರಿನಿಂದಲೇ ಹೊಂದಿಸಿದರೆ ಈ ತಪ್ಪು ತಪ್ಪುತ್ತದೆ. ಗಾಳಿ ನುಗ್ಗದಂತೆ ಹದವಾಗಿ, ನಿಮಿಷಕ್ಕೆ ಒಂದೆರಡು ಲೀಟರಿನಂತೆ ಹರಿಸುವ ಮಿತಿಕಾರಕ ಜೊತೆಗಿದ್ದರೆ ಒಳ್ಳೆಯದು.

ಆಮ್ಲಜನಕ ಮಾಪಕವೊಂದೇ ಸಾಕೇ? ಗಾಳಿಯಲ್ಲಿ ಶೇ. 0.1ರಷ್ಟು ಕಾರ್ಬನ್ ಮೊನಾಕ್ಸೈಡ್ ಸೇರಿದರೂ ಅದು ಮಾರಕ. ಆದರೆ ಆಮ್ಲಜನಕದ ಅಂಕಿ ಅದರಿಂದ ಕದಲುವುದೇ ಇಲ್ಲ ಎನ್ನಬಹುದು. ಕಂಪ್ರೆಸರ್ ಗಾಳಿ ಎಳೆಯುವ ಬಾಯಿಯ ಬಳಿ ಎಂಜಿನ್ ಹೊಗೆಯಿದ್ದರೆ, ಕಾದ ಎಣ್ಣೆ ಸುಟ್ಟರೆ, ಈ ಅನಿಲ ಸಿಲಿಂಡರ್ ಸೇರುತ್ತದೆ. ಯುರೋಪಿನ ಮಾನದಂಡ ಇದಕ್ಕೆ ಹತ್ತು ಲಕ್ಷದಲ್ಲಿ 5 ಭಾಗದ ಮಿತಿ ಹಾಕಿದೆ. 10 ಭಾಗವಿದ್ದರೆ, 30 ಮೀಟರ್ ಆಳದಲ್ಲಿ ಅದು ದಡದ 40 ಭಾಗಕ್ಕೆ ಸಮ. ಆದ್ದರಿಂದ ಹಣ ಹೆಚ್ಚು ಹಾಕುವುದಾದರೆ ಕಾರ್ಬನ್ ಮೊನಾಕ್ಸೈಡ್ ಸೆನ್ಸರಿಗೇ ಹಾಕಬೇಕು. ಶಬ್ದದ ವೇಗದಿಂದ ಹೀಲಿಯಂ ಅಳೆಯುವ ದುಬಾರಿ ಉಪಕರಣ ಬೇಕಾಗುವುದು ಹೀಲಿಯಂ ಬೆರೆಸಿದ ಮಿಶ್ರಣ ಉಸಿರಾಡುತ್ತಾ ಬಲು ಆಳಕ್ಕೆ ಇಳಿಯುವವರಿಗೆ ಮಾತ್ರ.

ಬಾವಿಗೆ ಇಳಿಯುವವರು ಡೈವಿಂಗಿನ ಅನಲೈಸರ್ ನಂಬಿ ಇಳಿಯಬಾರದು. ಅವರಿಗೆ ಬೇಕಾದ್ದು ಆಮ್ಲಜನಕ, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್, ಉರಿಯುವ ಅನಿಲ ಈ ನಾಲ್ಕನ್ನೂ ಅಳೆದು ಕೂಗಿ ಎಚ್ಚರಿಸುವ ಮಾಪಕ. ಒಬ್ಬೊಬ್ಬರೇ ಕೊಳ್ಳಲಾಗದಿದ್ದರೆ ಊರಿಗೊಂದು ಇರಲಿ. ಡೈವಿಂಗಿನಲ್ಲೊಂದು ಕಟ್ಟುನಿಟ್ಟು ಇದೆ: ತುಂಬಿದವರ ಮಾತಿಗೆ ಬಿಡದೆ, ಉಸಿರಾಡುವವರೇ ತಮ್ಮ ಸಿಲಿಂಡರ್ ಅಳೆದು, ಅಂಕಿ, ಆಳದ ಗಡಿ, ತಾರೀಕು ಬರೆದು ಸಹಿ ಹಾಕಬೇಕು. ಗಾಳಿಯನ್ನು ನಂಬಿ ಇಳಿಯುವ ಪ್ರತಿಯೊಬ್ಬ ಕೆಲಸಗಾರನಿಗೂ ಆ ಹಕ್ಕು ಸಿಗಬೇಕು, ಆ ಅಭ್ಯಾಸ ಬರಬೇಕು.