ಮನೆ ನಿರ್ಮಾಣ, ಮನೆಯ ಸ್ವತ್ತಿನ ಮೌಲ್ಯ ಮತ್ತು ಸ್ಥಳೀಯ ಆರ್ಥಿಕಾಭಿವೃದ್ಧಿ: ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು

ಪೀಠಿಕೆ:
ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಕೃಷಿಪ್ರಧಾನ ಪ್ರದೇಶಗಳಾಗಿದ್ದು, ಭತ್ತ, ಮೆಕ್ಕೆಜೋಳ, ಅಡಿಕೆ ಮತ್ತು ಶುಂಠಿ ಇಲ್ಲಿನ ಮುಖ್ಯ ಬೆಳೆಗಳಾಗಿವೆ. ಇಂತಹ ಪ್ರದೇಶದಲ್ಲಿ ಮನೆಯು ಸ್ಥಳೀಯ ಆರ್ಥಿಕತೆಗೆ ಎರಡು ಬಾರಿ ನೆರವಾಗುತ್ತದೆ. ಕಟ್ಟುವಾಗ ಕೂಲಿ ಮತ್ತು ವ್ಯಾಪಾರವನ್ನು ಒದಗಿಸುತ್ತದೆ. ಕಟ್ಟಿದ ನಂತರ ಸಾಲಕ್ಕೆ ಆಧಾರವಾಗುತ್ತದೆ. ಎರಡನೆಯ ಪ್ರಯೋಜನವು ದಾಖಲೆಗಳು ಕ್ರಮಬದ್ಧವಾಗಿದ್ದಲ್ಲಿ ಮಾತ್ರ ದೊರೆಯುತ್ತದೆ.

ಹಿನ್ನೆಲೆ:
ಸೊರಬ ತಾಲ್ಲೂಕಿನ ಕುಬಟೂರಿನವರಾದ ದಿವಂಗತ ಎಸ್. ಬಂಗಾರಪ್ಪನವರು ಮುಖ್ಯಮಂತ್ರಿಗಳಾಗಿದ್ದ ಅವಧಿಯಲ್ಲಿ (1990-92) ವಸತಿರಹಿತರಿಗಾಗಿ ‘ಆಶ್ರಯ’ ಯೋಜನೆಯೂ, ಗ್ರಾಮೀಣ ಕುಶಲಕರ್ಮಿಗಳಿಗಾಗಿ ‘ವಿಶ್ವ’ ಯೋಜನೆಯೂ ಜಾರಿಗೆ ಬಂದವು. ವಸತಿ ಯೋಜನೆಗಳ ಅನುಷ್ಠಾನಕ್ಕಾಗಿ 2000ರಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವನ್ನು ಸ್ಥಾಪಿಸಲಾಯಿತು. ಇಂದಿರಾ ಆವಾಸ್ ಯೋಜನೆಯ ಬದಲಿಗೆ 2016ರಲ್ಲಿ ಪ್ರಧಾನ ಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಜಾರಿಗೆ ಬಂದಿತು.

ನಿರ್ಮಾಣ ಹಂತದ ಲಾಭ:
ತಳಪಾಯದಿಂದ ಛಾವಣಿಯವರೆಗೆ ಗಾರೆ ಕೆಲಸದವರು, ಬಡಗಿಗಳು, ಕಬ್ಬಿಣ ಕಟ್ಟುವವರು, ಸಾಗಣೆ ವಾಹನದವರು ಮತ್ತು ದಿನಗೂಲಿಗಳಿಗೆ ಕೆಲಸ ದೊರೆಯುತ್ತದೆ. ಮಲೆನಾಡಿನಲ್ಲಿ ಮುಂಗಾರಿನ ತಿಂಗಳುಗಳಲ್ಲಿ ನಿರ್ಮಾಣ ಕಾರ್ಯವು ಕುಂಠಿತವಾಗುವುದರಿಂದ, ಭತ್ತದ ಕೊಯ್ಲಿನ ನಂತರದ ಬೇಸಿಗೆಯೇ ಮನೆ ಕಟ್ಟುವ ಕಾಲವಾಗಿದೆ. ಹೊಲಗದ್ದೆಗಳಲ್ಲಿ ಕೆಲಸ ಕಡಿಮೆಯಾಗುವ ಕಾಲವೂ ಇದೇ ಆಗಿರುವುದರಿಂದ ಕೃಷಿ ಕಾರ್ಮಿಕರು ಊರಿನಲ್ಲಿಯೇ ದುಡಿಯಲು ಅವಕಾಶವಾಗುತ್ತದೆ.

ಸಿಮೆಂಟ್ ಮತ್ತು ಕಬ್ಬಿಣಕ್ಕೆ ಕೊಟ್ಟ ಹಣದ ಬಹುಭಾಗವು ತಾಲ್ಲೂಕಿನಿಂದ ಹೊರಗೆ ಹೋಗುತ್ತದೆ. ಆದರೆ ಕೂಲಿ, ಇಟ್ಟಿಗೆ, ಜಂಬಿಟ್ಟಿಗೆ ಹಾಗೂ ಬಾಗಿಲು-ಕಿಟಕಿಗಳಿಗೆ ಸ್ಥಳೀಯವಾಗಿ ವೆಚ್ಚ ಮಾಡಿದ ಹಣವು ಸಂತೆ ಮತ್ತು ಕಿರಾಣಿ ಅಂಗಡಿಗಳ ಮೂಲಕ ಊರಿನಲ್ಲಿಯೇ ಮತ್ತೆ ಚಲಾವಣೆಯಾಗುತ್ತದೆ. ಆದ್ದರಿಂದ ಸ್ಥಳೀಯ ಸಾಮಗ್ರಿಗಳ ಬಳಕೆ ಹೆಚ್ಚಿದಷ್ಟೂ ಊರಿಗೆ ಲಾಭ ಹೆಚ್ಚು.

ಮನೆಯಲ್ಲಿನ ಸ್ವಂತ ಪಾಲು:
ಮನೆಯ ಮಾರುಕಟ್ಟೆ ಮೌಲ್ಯದಿಂದ ಬಾಕಿ ಸಾಲವನ್ನು ಕಳೆದರೆ ಉಳಿಯುವುದೇ ಮಾಲೀಕರ ಸ್ವಂತ ಪಾಲು. ಉದಾಹರಣೆಗೆ, ರೂ. 10 ಲಕ್ಷ ಮೌಲ್ಯದ ಮನೆಯ ಮೇಲೆ ರೂ. 4 ಲಕ್ಷ ಸಾಲ ಬಾಕಿಯಿದ್ದಲ್ಲಿ, ಸ್ವಂತ ಪಾಲು ರೂ. 6 ಲಕ್ಷ. ಈ ಪಾಲಿನ ಆಧಾರದ ಮೇಲೆ ಬ್ಯಾಂಕುಗಳು, ಮರುಪಾವತಿ ಸಾಮರ್ಥ್ಯವನ್ನು ಪರಿಶೀಲಿಸಿ, ಅಡಮಾನ ಸಾಲ ನೀಡುತ್ತವೆ. ಹಿಟ್ಟಿನ ಗಿರಣಿ, ಹೊಲಿಗೆ ಘಟಕ, ಹೈನುಗಾರಿಕೆ ಮುಂತಾದ ಉದ್ಯೋಗಗಳಿಗೆ ಇದು ಬಂಡವಾಳವಾಗಬಲ್ಲದು. ದಾಖಲೆಯಿಲ್ಲದ ಮನೆಯು ಎಷ್ಟೇ ಬೆಲೆಬಾಳಿದರೂ ಬ್ಯಾಂಕಿಗೆ ಆಧಾರವಾಗದು. ಅಂತಹ ಕುಟುಂಬವು ಹೆಚ್ಚಿನ ಬಡ್ಡಿಯ ಕೈಸಾಲವನ್ನು ಅವಲಂಬಿಸಬೇಕಾಗುತ್ತದೆ.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು:
1. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಸ್ವತ್ತುಗಳಿಗೆ ಇ-ಸ್ವತ್ತು ದಾಖಲೆಯನ್ನೂ, ಪಟ್ಟಣ ವ್ಯಾಪ್ತಿಯಲ್ಲಿ ಇ-ಖಾತೆಯನ್ನೂ ಪಡೆದಿರತಕ್ಕದ್ದು. 2020ರಲ್ಲಿ ಆರಂಭವಾದ ‘ಸ್ವಾಮಿತ್ವ’ ಯೋಜನೆಯಡಿ ಡ್ರೋನ್ ಸಮೀಕ್ಷೆಯ ಮೂಲಕ ಗ್ರಾಮೀಣ ವಸತಿ ಪ್ರದೇಶದ ಆಸ್ತಿಗಳಿಗೆ ಆಸ್ತಿ ಕಾರ್ಡ್ ನೀಡಲಾಗುತ್ತದೆ.
2. ಸರ್ಕಾರದಿಂದ ಮಂಜೂರಾದ ನಿವೇಶನಗಳ ಹಕ್ಕುಪತ್ರದಲ್ಲಿ ಪರಭಾರೆಗೆ ಸಂಬಂಧಿಸಿದ ಷರತ್ತುಗಳಿದ್ದಲ್ಲಿ, ಸಾಲ ಪಡೆಯುವ ಮುನ್ನ ಅವುಗಳನ್ನು ಓದಿ ತಿಳಿದುಕೊಳ್ಳತಕ್ಕದ್ದು.
3. ಸಾಲ ಮರುಪಾವತಿಯಾಗದಿದ್ದಲ್ಲಿ ವಾಸದ ಮನೆಯೇ ಕೈತಪ್ಪುವ ಸಂಭವವಿರುತ್ತದೆ. ಆದುದರಿಂದ ಮದುವೆ ಮುಂತಾದ ಖರ್ಚುಗಳಿಗೆ ಮನೆಯನ್ನು ಅಡವಿಡದೆ, ಆದಾಯ ತರುವ ಉದ್ಯೋಗಕ್ಕೆ ಮಾತ್ರ ಸಾಲ ಪಡೆಯುವುದು ಸೂಕ್ತ. ಬೆಳೆಯ ಬೆಲೆ ಏರಿಳಿಯುವುದರಿಂದ, ಒಂದು ವರ್ಷದ ಅಧಿಕ ಲಾಭವನ್ನೇ ನಂಬಿ ಕಂತು ನಿಗದಿಪಡಿಸಿಕೊಳ್ಳಬಾರದು.
4. ಸಾಲ ಪೂರ್ಣವಾಗಿ ತೀರಿದ 30 ದಿನಗಳೊಳಗೆ ಮೂಲ ಆಸ್ತಿ ದಾಖಲೆಗಳನ್ನು ಹಿಂತಿರುಗಿಸಬೇಕೆಂದು ಭಾರತೀಯ ರಿಸರ್ವ್ ಬ್ಯಾಂಕ್ 2023ರಲ್ಲಿ ಸೂಚಿಸಿದೆ. ಬ್ಯಾಂಕಿನಿಂದ ವಿಳಂಬವಾದಲ್ಲಿ ದಿನವೊಂದಕ್ಕೆ ರೂ. 5,000 ಪರಿಹಾರ ಸಲ್ಲಬೇಕು.

ಮನೆ ಕಟ್ಟುವಾಗ ತೋರುವ ಶ್ರದ್ಧೆಯನ್ನು ಮನೆಯ ದಾಖಲೆಗಳ ವಿಷಯದಲ್ಲಿಯೂ ತೋರಿ, ಸಾರ್ವಜನಿಕರು ತಮ್ಮ ಸ್ವತ್ತಿನ ಪೂರ್ಣ ಪ್ರಯೋಜನವನ್ನು ಪಡೆದುಕೊಳ್ಳಬೇಕೆಂದು ಕೋರಲಾಗಿದೆ.