ಬಿಸಿಲಿಗೆ ಮುಗ್ಗರಿಸುವ ಎಂಜಿನು

ಕಲಬುರಗಿ ಜಿಲ್ಲೆಯ ಬೇಸಿಗೆ ಹೆಸರಾದುದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿಯ ಉಷ್ಣತೆ ನೆರಳಿನಲ್ಲಿಯೇ 40 ಡಿಗ್ರಿ ಸೆಲ್ಸಿಯಸ್ಸನ್ನು ದಾಟುವುದುಂಟು. ಕಲಬುರಗಿ ನಗರದಿಂದ ವಾಯವ್ಯಕ್ಕೆ ಆಳಂದ, ಪಶ್ಚಿಮಕ್ಕೆ ಅಫಜಲಪುರ, ದಕ್ಷಿಣಕ್ಕೆ ಜೇವರ್ಗಿ. ಈ ಊರುಗಳಿಗೆ ಹೋಗುವ ದಾರಿಗಳು ಕಪ್ಪು ನೆಲದ ಬಯಲಿನ ನಡುವೆ ಹಾಯುತ್ತವೆ. ಮರದ ನೆರಳು ವಿರಳ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಮೊದಲಾದ ಪೆಟ್ರೋಲು ಕಾರುಗಳೇ ದೇಶದ ರಸ್ತೆಗಳನ್ನು ಆಳುತ್ತಿದ್ದ ಕಾಲದಲ್ಲಿ, ಇಂಥ ದಾರಿಗಳ ಚಾಲಕರಿಗೆ ಒಂದು ತೊಂದರೆ ಚಿರಪರಿಚಿತವಾಗಿತ್ತು. ಬೆಳಗಿನ ತಂಪಿನಲ್ಲಿ ಸರಾಗವಾಗಿ ಓಡಿದ ಕಾರು ಮಧ್ಯಾಹ್ನ ಬಿಕ್ಕತೊಡಗುವುದು, ಮುಗ್ಗರಿಸುವುದು, ಕೊನೆಗೆ ನಿಂತೇ ಬಿಡುವುದು. ಅರ್ಧ ಗಂಟೆ ಕಾದರೆ, ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಹೊರಡುವುದು.

ಕೋಲ್ಕತ್ತದ ಸಮೀಪದ ಉತ್ತರಪಾರಾದಲ್ಲಿ ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಮುಂಬಯಿಯ ಕುರ್ಲಾದಲ್ಲಿ ಹುಟ್ಟುತ್ತಿದ್ದ ಪದ್ಮಿನಿ ಅದಕ್ಕಿಂತ ಮೊದಲೇ ನಿಂತುಹೋಗಿತ್ತು. ಆದರೂ ಅವುಗಳನ್ನು ಅಕ್ಕರೆಯಿಂದ ಕಾಪಾಡಿಕೊಂಡವರು ಇಂದಿಗೂ ಇದ್ದಾರೆ. ಬೇಸಿಗೆ ಅವರನ್ನು ಇಂದಿಗೂ ಕಾಡುತ್ತದೆ.

ಈ ರೋಗದ ವೈಚಿತ್ರ್ಯವೆಂದರೆ, ವೈದ್ಯನ ಬಳಿಗೆ ಹೋಗುವಷ್ಟರಲ್ಲಿ ಅದು ಮಾಯವಾಗಿರುತ್ತದೆ. ಕಾರು ಮಿಸ್ತ್ರಿಯ ಅಂಗಡಿಯನ್ನು ಮುಟ್ಟಿದಾಗ ಎಂಜಿನು ತಣಿದು ನೆಟ್ಟಗಾಗಿರುತ್ತದೆ. ಆಗ ಆತ ಊಹೆಯ ಮೇಲೆ ಕಾರ್ಬ್ಯುರೇಟರನ್ನು ಬಿಚ್ಚುತ್ತಾನೆ, ಪ್ಲಗ್ಗುಗಳನ್ನು ಬದಲಿಸುತ್ತಾನೆ. ಹಣ ಖರ್ಚಾಗುತ್ತದೆ, ಮರುದಿನ ಮಧ್ಯಾಹ್ನ ಕಾರು ಮತ್ತೆ ಬಯಲಿನಲ್ಲಿ ನಿಲ್ಲುತ್ತದೆ. ಹಿಂದಿನ ಸೀಟಿನಲ್ಲಿ ಆಸ್ಪತ್ರೆಗೆ ಹೊರಟ ಬಸುರಿ ಇದ್ದರೆ ಈ ಊಹೆಯ ಬೆಲೆಯನ್ನು ರೂಪಾಯಿಗಳಲ್ಲಿ ಎಣಿಸಲಾಗದು. ಆದುದರಿಂದ ತಪ್ಪು ಎಲ್ಲಿದೆ ಎಂಬುದನ್ನು ಅದು ಕಾಣಿಸಿಕೊಂಡ ಗಳಿಗೆಯಲ್ಲಿಯೇ ಹುಡುಕಬೇಕು.

ಹುಡುಕುವುದಕ್ಕೆ ಮೊದಲು ಎಂಜಿನಿಗೆ ಬೇಕಾದುದೇನೆಂದು ತಿಳಿಯೋಣ. ತಕ್ಕ ಪ್ರಮಾಣದಲ್ಲಿ ಪೆಟ್ರೋಲು ಮತ್ತು ಗಾಳಿ, ತಕ್ಕ ಗಳಿಗೆಯಲ್ಲಿ ಒಂದು ಕಿಡಿ. ಹಳೆಯ ಕಾರಿನಲ್ಲಿ ಪೆಟ್ರೋಲಿನ ಟ್ಯಾಂಕು ಹಿಂದೆ ಇರುತ್ತದೆ, ಎಂಜಿನು ಮುಂದೆ. ಎಂಜಿನಿನ ಮೈಗೇ ಬಿಗಿದ ಒಂದು ಪಂಪು ಪೆಟ್ರೋಲನ್ನು ಉದ್ದದ ಕೊಳವೆಯ ಮೂಲಕ ಹೀರಿ ಕಾರ್ಬ್ಯುರೇಟರಿಗೆ ಕೊಡುತ್ತದೆ. ಇಲ್ಲಿಯೇ ತೊಡಕು. ನೀರಿನಂತೆ ಪೆಟ್ರೋಲಿಗೆ ಒಂದೇ ಕುದಿಯುವ ಬಿಂದು ಇಲ್ಲ. ಅದು ಅನೇಕ ದ್ರವಗಳ ಮಿಶ್ರಣ. ಅದರ ಹಗುರವಾದ ಅಂಶಗಳು ಸುಮಾರು 35ರಿಂದ 40 ಡಿಗ್ರಿಯಲ್ಲಿಯೇ ಕುದಿಯತೊಡಗಿದರೆ, ಭಾರವಾದವುಗಳಿಗೆ 200 ಡಿಗ್ರಿಯವರೆಗೂ ಕಾವು ಬೇಕು. ಒತ್ತಡ ಕಡಿಮೆಯಾದಂತೆ ದ್ರವವು ಬೇಗ ಕುದಿಯುವುದೆಂದು ನೀವು ವಿಜ್ಞಾನದಲ್ಲಿ ಓದಿದ್ದೀರಿ. ಪಂಪು ಹೀರುವ ಕಡೆಯಲ್ಲಿ ಒತ್ತಡ ಕಡಿಮೆ. ಬಾನೆಟ್ಟಿನ ಕೆಳಗೆ ಹೊರಗಿಗಿಂತ ಬಹಳ ಹೆಚ್ಚಿನ ಕಾವು. ಹೀಗಾಗಿ ಪೆಟ್ರೋಲು ಕೊಳವೆಯಲ್ಲಿಯೇ ಆವಿಯಾಗುತ್ತದೆ. ದ್ರವವನ್ನು ತಳ್ಳಬೇಕಾದ ಪಂಪು ಆವಿಯನ್ನು ಹಿಂಡುತ್ತ, ಸಡಿಲಿಸುತ್ತ ಬರಿದೆ ದುಡಿಯುತ್ತದೆ. ಇದಕ್ಕೆ ಆವಿಯ ತಡೆ ಎನ್ನಬಹುದು.

ಆದರೆ ಬಿಸಿಲಿನಲ್ಲಿ ನಿಂತ ಕಾರುಗಳೆಲ್ಲವೂ ಆವಿಯ ತಡೆಯಿಂದಲೇ ನಿಂತವೆಂದು ತಿಳಿಯಬಾರದು. ಕಿಡಿಯನ್ನು ಹುಟ್ಟಿಸುವ ಇಗ್ನಿಷನ್ ಕಾಯಿಲು ಬ್ಯಾಟರಿಯ 12 ವೋಲ್ಟುಗಳನ್ನು ಸಾವಿರಾರು ವೋಲ್ಟುಗಳಿಗೆ ಏರಿಸುತ್ತದೆ. ಅದರೊಳಗಿನ ತಂತಿಯ ಹೊದಿಕೆ ಹಳತಾಗಿ ಬಿರಿದಿದ್ದರೆ, ಕಾವೇರಿದಾಗ ವಿದ್ಯುತ್ತು ಒಳಗೇ ಸೋರಿ ಕಿಡಿ ಬಡವಾಗುತ್ತದೆ. ತಣಿದರೆ ಮತ್ತೆ ಸರಿಹೋಗುತ್ತದೆ. ಡಿಸ್ಟ್ರಿಬ್ಯೂಟರಿನ ಕಂಡೆನ್ಸರಿನದೂ ಇದೇ ಸ್ವಭಾವ. ಇನ್ನೂ ಒಂದು ಉಂಟು. ಪೆಟ್ರೋಲು ಇಳಿದಂತೆಲ್ಲ ಟ್ಯಾಂಕಿನೊಳಕ್ಕೆ ಗಾಳಿ ಬರಬೇಕು. ಅದಕ್ಕಾಗಿ ಮುಚ್ಚಳದಲ್ಲಿ ಬಿಟ್ಟ ಚಿಕ್ಕ ರಂಧ್ರಕ್ಕೆ ದಾರಿಯ ಧೂಳು ಮೆತ್ತಿಕೊಂಡರೆ, ಒಳಗೆ ಒತ್ತಡ ಕುಗ್ಗಿ ಪೆಟ್ರೋಲು ಮುಂದಕ್ಕೆ ಬಾರದು. ನಿಂತು ಕಾದರೆ ಗಾಳಿ ಮೆಲ್ಲಗೆ ಒಳಸೇರಿ ಕಾರು ಹೊರಡುತ್ತದೆ. ಇದಕ್ಕೂ ಬಿಸಿಲಿಗೂ ನೇರ ಸಂಬಂಧವಿಲ್ಲ. ಬಿಸಿಲಿನ ತಲೆಗೆ ಮಾತ್ರ ಅಪವಾದ ಬರುತ್ತದೆ.

ಅಫಜಲಪುರದ ಕಡೆಗೆ ಹೊರಟ ಒಂದು ಅಂಬಾಸಿಡರ್, ಚೌಡಾಪುರವನ್ನು ದಾಟಿ ನಿಂತಿತೆಂದು ಊಹಿಸಿಕೊಳ್ಳಿರಿ. ಬಲ್ಲ ಚಾಲಕನು ಏನು ಮಾಡುತ್ತಾನೆ? ನಿಂತ ರೀತಿಯನ್ನು ಮೊದಲು ನೆನೆಯುತ್ತಾನೆ. ಬಿಕ್ಕಿ ಬಿಕ್ಕಿ ಶಕ್ತಿಗುಂದಿ ನಿಂತರೆ ಪೆಟ್ರೋಲಿನ ಮೇಲೆ ಅನುಮಾನ. ಗುಂಡಿ ಒತ್ತಿ ಆರಿಸಿದಂತೆ ಒಮ್ಮೆಲೇ ನಿಂತರೆ ಕಿಡಿಯ ಮೇಲೆ. ಇದು ಸುಳಿವು ಮಾತ್ರ, ತೀರ್ಪಲ್ಲ. ಬಳಿಕ ಟ್ಯಾಂಕಿನ ಮುಚ್ಚಳವನ್ನು ಸಡಿಲಿಸುತ್ತಾನೆ. ಗಾಳಿ ಬುಸ್ಸೆಂದು ಒಳನುಗ್ಗಿ, ಕಾರು ಬೇಗನೆ ಚೇತರಿಸಿಕೊಂಡರೆ ಕಳ್ಳ ಸಿಕ್ಕಿದಂತೆಯೇ. ಇಲ್ಲವಾದರೆ ಕಿಡಿಯ ಪರೀಕ್ಷೆ. ಬೇರೊಂದು ಪ್ಲಗ್ಗನ್ನು ತಂತಿಗೆ ಸಿಕ್ಕಿಸಿ, ಅದರ ಲೋಹದ ಭಾಗವನ್ನು ಎಂಜಿನಿಗೆ ತಾಗಿಸಿ, ಎಂಜಿನನ್ನು ತಿರುಗಿಸಿ ನೋಡಬೇಕು. ನೀಲಿಯಾದ ಗಟ್ಟಿ ಕಿಡಿ ಬಂದರೆ ಕಾಯಿಲು ನಿರಪರಾಧಿ. ಹಳದಿಯಾದ ಬಡ ಕಿಡಿ ಬಂದರೆ, ಅಥವಾ ಕಿಡಿಯೇ ಬಾರದಿದ್ದರೆ, ಕಾರ್ಬ್ಯುರೇಟರನ್ನು ಬಿಚ್ಚುವ ಕೆಲಸವಿಲ್ಲ. ಪೆಟ್ರೋಲಿನ ವಾಸನೆ ಇರುವಲ್ಲಿ ಈ ಪರೀಕ್ಷೆ ಬೆಂಕಿಗೆ ಕರೆ ಕೊಟ್ಟಂತೆ. ಇದು ನುರಿತ ಕೈಗಳ ಕೆಲಸ, ವಿದ್ಯಾರ್ಥಿಗಳು ಮಾಡತಕ್ಕುದಲ್ಲ.

ಕಿಡಿ ಚೆನ್ನಾಗಿದ್ದರೆ ಒದ್ದೆ ಬಟ್ಟೆಯನ್ನು ಪಂಪಿನ ಮೇಲೆ ಹೊದಿಸುವುದು ಹಳೆಯ ಚಾಲಕರ ರೂಢಿ. ಇದನ್ನು ನೋಡಿ ನಗುವವರುಂಟು. ಆದರೆ ಮಣ್ಣಿನ ಗಡಿಗೆಯಲ್ಲಿ ನೀರು ತಣ್ಣಗಾಗುವುದೂ ಇದೇ ನಿಯಮದಿಂದ: ಆವಿಯಾಗುವ ನೀರು ತನ್ನೊಡನೆ ಕಾವನ್ನೂ ಒಯ್ಯುತ್ತದೆ. ಕಲಬುರಗಿಯ ಬೇಸಿಗೆಯ ಗಾಳಿ ಒಣ ಗಾಳಿ. ಆದುದರಿಂದ ಮಂಗಳೂರಿನ ತೇವದ ಗಾಳಿಗಿಂತ ಇಲ್ಲಿ ಈ ಉಪಾಯ ಹೆಚ್ಚು ಫಲಕಾರಿ. ಬಟ್ಟೆಯನ್ನು ಪಂಪು ಮತ್ತು ಅದರ ಕೊಳವೆಗೆ ಮಾತ್ರ ಹೊದಿಸಬೇಕು. ಕಾಯಿಲಿಗೆ, ಡಿಸ್ಟ್ರಿಬ್ಯೂಟರಿಗೆ ನೀರು ತಾಗಬಾರದು. ಹೀಗೆ ಒಂದನ್ನೇ ತಣಿಸಿದಾಗ ಎಂಜಿನು ಕೆಲವೇ ನಿಮಿಷಗಳಲ್ಲಿ ಎದ್ದರೆ, ತಪ್ಪು ಬಹುಮಟ್ಟಿಗೆ ಅಲ್ಲಿಯೇ ಇತ್ತೆಂದು ತಿಳಿಯುತ್ತದೆ. ಬಾನೆಟ್ಟು ತೆರೆದು ಎಲ್ಲದರ ಮೇಲೂ ನೀರು ಸುರಿದವನಿಗೆ ಕಾರು ಹೊರಟರೂ ಕಾರಣ ತಿಳಿಯುವುದಿಲ್ಲ. ಕುದಿಯುತ್ತಿರುವ ರೇಡಿಯೇಟರಿನ ಮುಚ್ಚಳವನ್ನಂತೂ ಮುಟ್ಟಲೇಬಾರದು. ಚಿಮ್ಮುವ ಬಿಸಿನೀರು ಮುಖವನ್ನು ಸುಡುತ್ತದೆ.

ಓಡುವಾಗ ಸರಿಯಾಗಿದ್ದು, ಆಳಂದದ ಪೇಟೆಯಲ್ಲಿ ಹತ್ತು ನಿಮಿಷ ನಿಲ್ಲಿಸಿದ ಮೇಲೆ ಹೊರಡದಿರುವ ಕಾರಿನ ಕಥೆ ಬೇರೆ. ನಿಂತಾಗ ಬೀಸುವ ಗಾಳಿಯಿಲ್ಲ. ಎಂಜಿನಿನ ಕಾವು ಕಾರ್ಬ್ಯುರೇಟರಿಗೆ ಏರಿ, ಅದರ ಬಟ್ಟಲಿನ ಪೆಟ್ರೋಲು ಕುದಿದು ಎಂಜಿನಿನೊಳಗೆ ಉಕ್ಕುತ್ತದೆ. ಇಲ್ಲಿ ಪೆಟ್ರೋಲಿನ ಕೊರತೆಯಲ್ಲ, ಅತಿರೇಕ. ಚೋಕನ್ನು ಎಳೆದರೆ ಕೇಡು ಹೆಚ್ಚುತ್ತದೆ. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು, ಹೆಚ್ಚು ಗಾಳಿ ಹೋಗಗೊಟ್ಟು, ಎಂಜಿನನ್ನು ತಿರುಗಿಸಬೇಕು.

ಈಚೆಗೆ ಪೆಟ್ರೋಲಿಗೆ ಎಥನಾಲನ್ನು ಬೆರೆಸಲಾಗುತ್ತಿದೆ. 2025ರಲ್ಲಿ ನಮ್ಮ ದೇಶದಲ್ಲಿ ಈ ಬೆರಕೆ ನೂರಕ್ಕೆ 20ರ ಮಟ್ಟವನ್ನು ಮುಟ್ಟಿತು. ಹಳೆಯ ಕಾರುಗಳ ರಬ್ಬರು ಕೊಳವೆಗಳು ಅದಕ್ಕಾಗಿ ಮಾಡಿದವುಗಳಲ್ಲ. ಆದುದರಿಂದ ಅವುಗಳನ್ನು ಆಗಾಗ ನೋಡಿ ಬದಲಿಸಬೇಕಾಗುತ್ತದೆ. ಹೊಸ ಕಾರುಗಳಲ್ಲಿ ಪಂಪು ಟ್ಯಾಂಕಿನೊಳಗೇ ಮುಳುಗಿರುತ್ತದೆ. ಅದು ಹೀರುವುದಿಲ್ಲ, ಒತ್ತಡದಿಂದ ತಳ್ಳುತ್ತದೆ. ಒತ್ತಡ ಹೆಚ್ಚಿದಂತೆ ಕುದಿಯುವ ಬಿಂದು ಮೇಲೇರುವುದರಿಂದ ಅವುಗಳಿಗೆ ಆವಿಯ ತಡೆಯ ಕಾಟ ಬಹಳ ವಿರಳ. ಆ ಪಂಪು ಕೆಟ್ಟು ನಿಂತರೆ ಮಾತ್ರ, ಒದ್ದೆ ಬಟ್ಟೆಯಿಂದ ಯಾವ ಪ್ರಯೋಜನವೂ ಇಲ್ಲ.