ಪಂಡಿತೆ ರಮಾಬಾಯಿ

ಹೆಣ್ಣಿಗೆ ಯಾಕೆ ಓದು? ಹಿಂದೆ ಹೀಗೆ ಹೇಳೋರು. ಅನಂತಶಾಸ್ತ್ರಿಗಳು ಹೆಂಡತಿಗೆ ಸಂಸ್ಕೃತ ಕಲಿಸಿದರು. ಜನ ವಿರೋಧಿಸಿದರು. ಗಂಡ ಹೆಂಡತಿ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡು ಸೇರಿದರು. ಅಲ್ಲಿ 1858ರಲ್ಲಿ ರಮಾಬಾಯಿ ಹುಟ್ಟಿದರು. ತಾಯಿಯೇ ಪಾಠ ಹೇಳಿದರು.

ಬರಗಾಲದಲ್ಲಿ ತಂದೆ ತಾಯಿ ತೀರಿಕೊಂಡರು. ಆದರೆ ಕಲಿತ ವಿದ್ಯೆ ಕೈಬಿಡಲಿಲ್ಲ. ಕಲ್ಕತ್ತದ ವಿದ್ವಾಂಸರು 'ಪಂಡಿತೆ' ಎಂದು ಗೌರವಿಸಿದರು. 1882ರಲ್ಲಿ ಗಂಡ ಸತ್ತರು. ಮಗಳು ಇನ್ನೂ ಕೈಗೂಸು. ಮರುವರ್ಷ ಇಂಗ್ಲೆಂಡಿಗೆ ಹೋದರು. ಅಲ್ಲಿ ಕ್ರೈಸ್ತರಾದರು.

1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. 'ಮತ ಬದಲಿಸ್ತಾರೆ' ಎಂದು ಕೆಲವರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ರಮಾಬಾಯಿ ಕೆಲಸ ನಿಲ್ಲಿಸಲಿಲ್ಲ. ಮುಂದೆ ಬರಗಾಲ ಬಂದಾಗ ನೂರಾರು ಹೆಣ್ಣುಮಕ್ಕಳನ್ನು ಪುಣೆ ಹತ್ತಿರದ ಕೇಡಗಾಂವಕ್ಕೆ ಕರೆತಂದರು. ಅನ್ನ ಕೊಟ್ಟರು, ಅಕ್ಷರ ಕಲಿಸಿದರು. ನೇಯ್ಗೆ, ಅಚ್ಚಿನ ಕೆಲಸ ಹೇಳಿಕೊಟ್ಟರು. ಮರಾಠಿಗೆ ಬೈಬಲ್ ತಂದರು. 1922ರಲ್ಲಿ ತೀರಿಕೊಂಡರು.

ಅಕ್ಕತಂಗಿಯರೇ, ಒಬ್ಬ ತಾಯಿ ಓದು ಕಲಿತಳು. ಅದರಿಂದ ಎಷ್ಟು ಮನೆಗೆ ಬೆಳಕಾಯಿತು, ನೋಡಿ!